ಹತ್ತಿಬೀಜದ ಒಡೆತನ
(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೀಜದ ಮಾತು ರೈತರದು, ನೂಲುವವರಿಗೂ ಅಂಗಡಿ ಇಟ್ಟವರಿಗೂ ಅದರಲ್ಲೇನು ಕೆಲಸವೆಂದು ಕೆಲವರು ಕೇಳಿದರು. ಗಿರಣಿಗೆ ಅರಳೆ ಬರುವುದು ಹೊಲದಿಂದ. ಅಂಗಡಿಯ ಉದ್ದರಿ ತೀರುವುದು ಹತ್ತಿ ಮಾರಿದ ಮೇಲೆ. ಆದ್ದರಿಂದ ಇದು ನಮ್ಮ ಮಾತೂ ಹೌದು.

2002ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಬಿ.ಟಿ. ಹತ್ತಿಗೆ ಅಪ್ಪಣೆ ಕೊಟ್ಟಿತು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಗಿಡಕ್ಕೆ ಸೇರಿಸಿದ್ದಾರೆ. ಅದನ್ನು ತಿಂದ ಕಾಯಿಕೊರಕ ಹುಳು ಸಾಯುತ್ತದೆ. ವಿಜ್ಞಾನವನ್ನು ಹಳಿಯುವವರು ನಾವಲ್ಲ. ಮೊದಲ ವರ್ಷಗಳಲ್ಲಿ ಔಷಧ ಹೊಡೆಯುವುದು ಕಡಿಮೆಯಾಯಿತು, ಅದನ್ನು ಮುಚ್ಚಿಡಬಾರದು.

ನಮ್ಮ ತಕರಾರು ಒಡೆತನದ್ದು. 450 ಗ್ರಾಂ ಬೀಜಕ್ಕೆ ಆರಂಭದಲ್ಲಿ 1,600 ರೂಪಾಯಿಯ ಆಸುಪಾಸು ತೆಗೆದುಕೊಂಡರು. ಅದರ ಬಹುಪಾಲು ಬೀಜದ ಬೆಲೆಯಲ್ಲ, ವಂಶವಾಹಿಯ ಬಾಡಿಗೆ! 2006ರಲ್ಲಿ ಆಂಧ್ರ ಸರಕಾರ ಏಕಸ್ವಾಮ್ಯ ತಡೆಯುವ ಆಯೋಗಕ್ಕೆ ದೂರು ಕೊಟ್ಟಿತು. ಬೆಲೆ 750ಕ್ಕೆ ಇಳಿಯಿತು. ಆ ಬೆಲೆಗೂ ಕಂಪೆನಿಗಳು ಮಾರುತ್ತಲೇ ಹೋದವು. ಹಾಗಾದರೆ ಮೊದಲಿನ ಹೆಚ್ಚಳ ಯಾರ ಹೊಟ್ಟೆಗೆ ಹೋಯಿತು?

2001ರ ಕಾಯಿದೆ ರೈತನಿಗೆ ಬೀಜ ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಮಾರುಕಟ್ಟೆಯಲ್ಲಿ ಸಿಗುವುದು ಸಂಕರ ಬೀಜ. ಅದರ ಬೆಳೆಯಿಂದ ಬೀಜ ಉಳಿಸಿ ಬಿತ್ತಿದರೆ ಬೆಳೆ ಮೊದಲಿನಂತೆ ಬಾರದು. ಹಕ್ಕು ಕಾಗದದಲ್ಲಿ, ರೈತ ಅಂಗಡಿಯ ಸಾಲಿನಲ್ಲಿ. ಉಳಿಸಿಕೊಳ್ಳಬಹುದಾದ ಬಿ.ಟಿ. ತಳಿಯೊಂದನ್ನು, ಬಿಕನೇರಿ ನರ್ಮಾ ಎಂಬುದನ್ನು, ನಾಗಪುರದ ಸರಕಾರಿ ಹತ್ತಿ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿ ಹೊರತಂದಿದ್ದವು. 2009ರಲ್ಲಿ ಅದು ರೈತರ ಕೈಗೆ ಬಂತು. ಅದರಲ್ಲಿ ಕಂಪೆನಿಯ ವಂಶವಾಹಿಯೇ ಬೆರೆತಿರುವುದು ಕಂಡುಬಂದು ಹಿಂದಕ್ಕೆ ಪಡೆದರು. ಖಾಸಗಿಯವರ ಲೋಭವನ್ನಷ್ಟೇ ಬೈದರೆ ಸಾಲದು, ಸರಕಾರದ ಅಲಕ್ಷ್ಯಕ್ಕೂ ಲೆಕ್ಕ ಕೇಳಬೇಕು.

ಇತ್ತ ಹುಳುವೂ ಸುಮ್ಮನಿರಲಿಲ್ಲ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿ.ಟಿ.ಗೆ ಜಗ್ಗುತ್ತಿಲ್ಲವೆಂದು ಕಂಪೆನಿಯೇ 2010ರಲ್ಲಿ ಒಪ್ಪಿತು. ಬಳಿಕ ಎರಡು ವಂಶವಾಹಿಯ ಬೀಜವನ್ನೂ ಅದು ಅರಗಿಸಿಕೊಂಡಿತು. ಔಷಧದ ಡಬ್ಬಿಗಳು ಮತ್ತೆ ಹೊಲಕ್ಕೆ ಬಂದವು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತ ವಿಷವೇರಿ 20ರಷ್ಟು ರೈತರು, ಕೂಲಿಗಳು ಸತ್ತರು. ಆ ಕೂಲಿಗಳು ಗಿರಣಿಯ ಕೂಲಿಗಳಿಗೆ ಬೇರೆ ಜಾತಿಯವರೇ?

ಬೀಜ ಕೆಟ್ಟರೆ ನಷ್ಟ ಯಾರದು? ಇಂದು ರೈತನದು, ಅವನಿಂದ ಉದ್ದರಿ ಬರಬೇಕಾದ ಅಂಗಡಿಯವನದು, ಕಲೆ ಬಿದ್ದ ಅರಳೆ ನೂಲುವವನದು. ಬೀಜ ಮಾರುವ ಮಿತ್ರರಲ್ಲಿ ನಮ್ಮ ಕೇಳಿಕೆ ಒಂದೇ: ರಸೀದಿ ಕೊಡಿ, ಅದರಲ್ಲಿ ಚೀಲದ ಲಾಟ್ ನಂಬರು ಬರೆಯಿರಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಟ್ಟಿದೆ. ಪರಿಹಾರ ಕೇಳಲು ಹೋದವನ ಕೈಯಲ್ಲಿ ಆ ಚೀಟಿ ಇರಬೇಕು.