ಒಪ್ಪಿಗೆ, ಅಸಮ್ಮತಿ ಮತ್ತು ಕ್ರಿಯಾಪದ: ಸ್ಪ್ಯಾನಿಷ್ ಸಂಭಾಷಣೆಯ ರೀತಿ



ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದನ್ನು ಭಾಷಾತರಗತಿಗಳು ಮಗುವಿಗೆ ಕಲಿಸುತ್ತವೆ. ಇನ್ನೊಬ್ಬರ ಮಾತು ಒಪ್ಪಿಗೆಯಾಗದಿದ್ದಾಗ ಏನು ಹೇಳಬೇಕೆಂಬುದನ್ನು ಕಲಿಸುವುದು ಅಪರೂಪ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಬೀದಿಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ತೆಲುಗನ್ನೋ ಆಡುತ್ತ ಗೆಳೆಯರೊಡನೆ ಸರಾಗವಾಗಿ ವಾದಿಸುವ ಮಗು ತರಗತಿಯ ಕನ್ನಡದಲ್ಲಿ ‘ಹೌದು’ ಎಂದು ತಲೆಯಾಡಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ವಾದಿಸಲು ಒದಗದ ಭಾಷೆ ಬಹುಕಾಲ ಮನೆಮಾತಾಗಿ ಬಾಳುವುದು ಕಷ್ಟ.

ಈ ವಿಷಯದಲ್ಲಿ ಸ್ಪ್ಯಾನಿಷ್ ಬೋಧಕರ ಕ್ರಮ ಗಮನಾರ್ಹವಾದುದು. 1991ರಲ್ಲಿ ಸ್ಥಾಪನೆಯಾದ ಸೆರ್ವಾಂತೆಸ್ ಸಂಸ್ಥೆಯ ಪಠ್ಯಕ್ರಮವು ವ್ಯಾಕರಣಾಂಶಗಳ ಜೊತೆಗೆ, ಮಾತಿನಿಂದ ಮಾಡುವ ಕೆಲಸಗಳನ್ನೂ ಪಟ್ಟಿಮಾಡುತ್ತದೆ. ಒಪ್ಪುವುದು, ಒಪ್ಪದಿರುವುದು ಎರಡೂ ಅಲ್ಲಿ ಆರಂಭದ ಹಂತದಿಂದಲೇ ಪಾಠದ ವಸ್ತುಗಳು.

ಒಪ್ಪಿಗೆಗೆ ‘ಎಸ್ತೊಯ್ ದೆ ಅಕ್ವೆರ್ದೊ’ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ‘ಇರು’ ಎಂಬ ಅರ್ಥಕ್ಕೆ ಎರಡು ಧಾತುಗಳಿವೆ: ಸ್ವರೂಪವನ್ನು ಹೇಳುವ ‘ಸೆರ್’, ಸ್ಥಿತಿಯನ್ನು ಹೇಳುವ ‘ಎಸ್ತಾರ್’. ಒಪ್ಪಿಗೆ ಎರಡನೆಯದರ ಪಾಲಿಗೆ ಬಂದಿದೆ; ಹೊಸಬರು ‘ಸೊಯ್ ದೆ ಅಕ್ವೆರ್ದೊ’ ಎಂದರೆ ಬೋಧಕರು ತಿದ್ದುತ್ತಾರೆ. ಇನ್ನೊಂದು ರೂಢಿಯ ನುಡಿ ‘ನಿಮ್ಮ ಮಾತು ಸರಿ’ ಎಂಬರ್ಥದ್ದು. ಸಲುಗೆಯವರಿಗೆ ‘ತ್ಯೆನೆಸ್ ರಸೋನ್’, ಗೌರವಕ್ಕೆ ‘ತ್ಯೆನೆ ರಸೋನ್’. ನೀನು, ನೀವುಗಳ ಭೇದವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಾನಿಷ್ಟಗಳ ಮಾತಿನಲ್ಲಿ ಎರಡು ಭಾಷೆಗಳು ಇನ್ನಷ್ಟು ಹತ್ತಿರವಾಗುತ್ತವೆ. ‘ನನಗೆ ಕಾಫಿ ಇಷ್ಟ’ ಎಂಬಲ್ಲಿ ಕನ್ನಡ ಚತುರ್ಥಿಯನ್ನು ಬಳಸುವಂತೆ ಸ್ಪ್ಯಾನಿಷ್ ‘ಮೆ ಗುಸ್ತಾ ಎಲ್ ಕಫೆ’ ಎನ್ನುತ್ತದೆ; ‘ಮೆ’ ಎಂದರೆ ಇಲ್ಲಿ ‘ನನಗೆ’. ಕೇಳಿದವರು ‘ಆ ಮೀ ತಂಬ್ಯೆನ್’ ಎಂದರೆ ‘ನನಗೂ’. ‘ನನಗಿಷ್ಟವಿಲ್ಲ’ ಎಂದವರಿಗೆ ‘ನನಗೂ ಇಲ್ಲ’ ಎನ್ನಬೇಕಾದರೆ ‘ಆ ಮೀ ತಂಪೋಕೊ’ ಎಂಬ ಬೇರೆ ಪದವೇ ಇದೆ. ಅವರಿಗೆ ಇಷ್ಟವಿಲ್ಲದ್ದು ತನಗೆ ಇಷ್ಟವಾದರೆ ‘ಆ ಮೀ ಸೀ’, ಅಂದರೆ ‘ನನಗೆ ಇಷ್ಟ’. ಎರಡು ಮೂರು ಪದಗಳಲ್ಲಿ ಭಿನ್ನಾಭಿಪ್ರಾಯ ಮುಗಿಯಿತು, ಯಾರಿಗೂ ನೋವಿಲ್ಲ.

ಅಭಿಪ್ರಾಯದ ವಿಷಯ ಬಂದಾಗ ಇಷ್ಟು ಸುಲಭವಲ್ಲ. ‘ಅದು ಹಾಗೆ ಎಂದು ಭಾವಿಸುತ್ತೇನೆ’ ಎನ್ನಲು ‘ಕ್ರೆಯೊ ಕೆ ಎಸ್ ಅಸೀ’ ಸಾಕು. ಒಪ್ಪದವರು ‘ನೊ ಕ್ರೆಯೊ ಕೆ ಸೆಯಾ ಅಸೀ’ ಎನ್ನುತ್ತಾರೆ. ಇಲ್ಲಿ ಎರಡು ಸಂಗತಿಗಳು ನಡೆದಿವೆ. ನಿಷೇಧವು ಎದುರಿನವರ ಮಾತಿನ ಮೇಲೆ ಬೀಳದೆ ಹೇಳುವವರ ನಂಬಿಕೆಯ ಮೇಲೆ ಬಿದ್ದಿದೆ. ಜೊತೆಗೆ ‘ಎಸ್’ ಎಂಬ ನಿಶ್ಚಯಾರ್ಥದ ರೂಪ ‘ಸೆಯಾ’ ಎಂದು ಬದಲಾಗಿದೆ. ‘ಪ್ವೆದೆ ಕೆ ತೆಂಗಾ ರಸೋನ್, ಪೆರೊ…’ ಎಂದರೆ ‘ನಿಮ್ಮ ಮಾತು ಸರಿಯಿದ್ದೀತು, ಆದರೆ…’ ಎಂದಂತೆ. ಅಲ್ಲಿಯೂ ಕ್ರಿಯಾಪದ ರೂಪ ಬದಲಿಸಿದೆ. ಸಪ್ಪೆಯೆನಿಸುವ ‘ಎಸ್ ಕೆ’ ಎಂಬುದೂ ಬಹಳ ಉಪಯೋಗಿ; ‘ವಿಷಯವೇನೆಂದರೆ’ ಎಂಬಂತೆ ಅದು ಕಾರಣವನ್ನು ಮುಂದಿಟ್ಟು ‘ಇಲ್ಲ’ದ ಬಿರುಸನ್ನು ತಗ್ಗಿಸುತ್ತದೆ. ಸ್ಪೇನಿನಲ್ಲಿ ಗೆಳೆಯರ ನಡುವೆ ‘ಕೆ ವಾ!’ ಎಂದು ನೇರವಾಗಿ ತಳ್ಳಿಹಾಕುವುದೂ ಉಂಟು. ಅದೇ ಉದ್ಗಾರ ಅಪರಿಚಿತರ ಮುಂದೆ ಒರಟಾಗುತ್ತದೆ.

ಕನ್ನಡ ಬೋಧಕರು ಇಲ್ಲಿ ಕೊಂಚ ನಿಲ್ಲಬೇಕು. ಸ್ಪ್ಯಾನಿಷ್ ಕಲಿಯುವವರು ಪ್ರಯಾಸದಿಂದ ರೂಢಿಸಿಕೊಳ್ಳುವ ಆ ಕ್ರಿಯಾರೂಪದ ಒಂದು ಮುಖ್ಯ ಕೆಲಸವನ್ನು ಮಾಡಬಲ್ಲ ರೂಪ ಕನ್ನಡದ ಮಗುವಿನ ಪಠ್ಯದಲ್ಲಿಯೇ ಇದೆ. ಸಂಭಾವನಾರ್ಥಕ ಎಂಬ ಹೆಸರಿನಲ್ಲಿ ‘ಬಂದಾನು, ಬಂದಾಳು, ಬಂದೀತು’ ಎಂದು ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮರೆಯುತ್ತದೆ. ಆ ರೂಪ ಇರುವುದು ಯಾವ ಕೆಲಸಕ್ಕೆಂದು ಯಾರೂ ತೋರಿಸುವುದಿಲ್ಲ. ‘ಅದು ತಪ್ಪು’ ಎನ್ನುವುದಕ್ಕೂ ‘ಹಾಗಿದ್ದೀತು, ಆದರೂ ನನಗೆ ಹಾಗೆ ತೋರುವುದಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ಸೃಷ್ಟಿಸುವುದು ಈ ರೂಪವೇ.

ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ವಿಷಯ ಊರಿನದೇ ಆಗಿರಲಿ. ಗಾದೆಗಳಾಗಲಿ ನೀತಿಯ ಮಾತುಗಳಾಗಲಿ ಬೇಡ, ಅವನ್ನು ಮಕ್ಕಳು ಅಲ್ಲಗಳೆಯಲಾರರು. ರಾಯದುರ್ಗದ ಕಡೆಯ ತರಗತಿಯಾದರೆ ಒಬ್ಬ ವಿದ್ಯಾರ್ಥಿ ‘ಈ ಸಲ ಮಳೆ ಜೋರು, ಬೆಳೆ ಚೆನ್ನಾಗಿ ಬರುತ್ತದೆ’ ಎನ್ನಲಿ. ಇನ್ನೊಬ್ಬಳು ‘ಬಂದೀತು, ಆದರೆ ಹೊಲದಲ್ಲಿ ನೀರು ನಿಂತರೆ ಶೇಂಗಾಕ್ಕೆ ಆಗದು’ ಎಂದು ಉತ್ತರಿಸಲಿ. ಮೂರನೆಯವನಿಗೆ ಇಬ್ಬರ ಮಾತೂ ಒಪ್ಪಿಗೆಯಾಗದಿದ್ದರೆ ಶಿಕ್ಷಕರು ತೀರ್ಪು ಕೊಡಲು ಆತುರಪಡದೆ ಅವನ ವಾಕ್ಯ ಪೂರ್ಣವಾಗುವವರೆಗೆ ಕಾಯಲಿ.