ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಅಂದುಕೊಂಡಿರುತ್ತೀರಿ. ನಾನು ಹೇಳಹೊರಟಿರುವುದು ಒಂದು ಹಳೆಯ ಕಟ್ಟಡದ ವಿಷಯ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಹೈಕೋರ್ಟಿನಿಂದ ಸ್ವಲ್ಪವೇ ದೂರದಲ್ಲಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ಹೈಕೋರ್ಟು ನೋಡಲು ಹೋದವರು ಇದನ್ನೂ ನೋಡಿರುತ್ತೀರಿ, ಕೆಂಪು ಬಣ್ಣದ್ದು. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಬುನಾದಿ ಹಾಕಿದವರು; 1902ರಲ್ಲಿ ಅಲ್ಲಿಂದ ಕೋಲಾರದ ಗಣಿಗೆ ಕರೆಂಟು ಹೋದಾಗ ನೋಡಲು ಅವರಿರಲಿಲ್ಲ. ಅವರ ನೆನಪಿಗೆ ಒಂದು ಪ್ರತಿಮೆ ನಿಲ್ಲಿಸಿ ಸುಮ್ಮನಾಗಬಹುದಿತ್ತು. ಪ್ರತಿಮೆಯೂ ಇದೆ ಅನ್ನಿ. ಆದರೆ 1915ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಈ ಭವನವೂ ಎದ್ದಿತು. ಈಗ ಅದು ರಾಜ್ಯ ಕೇಂದ್ರ ಗ್ರಂಥಾಲಯ.

ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ನಾನು ಅಲ್ಲಿಗೆ ಹೋಗುತ್ತಿದ್ದೆ. ನಾಲ್ಕು ಜನ ಮಲಗುವ ಬಾಡಿಗೆ ರೂಮಿನಲ್ಲಿ ಓದಲು ಜಾಗವೆಲ್ಲಿ? ಇಲ್ಲಿ ಕೂರಲು ಯಾರೂ ದುಡ್ಡು ಕೇಳಲಿಲ್ಲ. ಯಾವ ಊರು, ಯಾರ ಮಗ ಎಂದೂ ಕೇಳಲಿಲ್ಲ. ಪಕ್ಕದಲ್ಲಿ ಪೆನ್ಷನ್ ಪಡೆಯುವ ಯಜಮಾನರು ಪೇಪರ್ ಓದುತ್ತಿದ್ದರು, ಎದುರಿಗೆ ಸರ್ಕಾರಿ ಪರೀಕ್ಷೆಗೆ ಓದುವ ಹುಡುಗಿಯರು. ಬೆಂಗಳೂರಿನಲ್ಲಿ ಏನನ್ನೂ ಕೊಳ್ಳದೆ ಇಡೀ ದಿನ ಮರ್ಯಾದೆಯಿಂದ ಕೂರಬಹುದಾದ ಜಾಗಗಳು ಬಹಳ ಕಡಿಮೆ. ಬಡವನ ಮನೆಯ ಹುಡುಗನಿಗೆ ಅದು ಎಷ್ಟು ದೊಡ್ಡದು ಎಂಬುದು ಅಲ್ಲಿ ಕೂತವರಿಗೇ ಗೊತ್ತು.

ಇದು ದಾನವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಮನೆಗೆ ಹೋಗಿ ಕಂದಾಯದ ರಸೀದಿ ತೆಗೆದು ನೋಡಿ. ನಮ್ಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ನಮ್ಮ ದುಡ್ಡಿನದೇ. ಕಬ್ಬನ್ ಪಾರ್ಕಿನದರಷ್ಟೇ ನಮ್ಮದು.

ಇಷ್ಟು ಹೇಳಲು ಕಾರಣವಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಮಹಾದ್ವಾರ ಕಟ್ಟಿಸಬೇಕೆಂದು ಮಾತಾಗುತ್ತಿದೆ. ಕಮಿಟಿಯ ಹಿರಿಯರು ಬೇಜಾರು ಮಾಡಿಕೊಳ್ಳಬಾರದು. ದ್ವಾರದ ಕೆಳಗೆ ಹಾದುಹೋಗಬಹುದು, ಕೂತು ಓದಲಾಗದು. ಶಾಲೆ ಬಿಟ್ಟ ಮೇಲೆ ಸಂಜೆ ಬಸ್ಸಿಗೆ ಕಾಯುವ ನಮ್ಮ ಹೆಣ್ಣುಮಕ್ಕಳು ಈಗ ಅಂಗಡಿ ಕಟ್ಟೆಗಳ ಮುಂದೆ ನಿಂತಿರುತ್ತಾರೆ. ಗ್ರಂಥಾಲಯದ ಬಾಗಿಲು ಆ ಹೊತ್ತಿಗೆ ತೆರೆದಿರಲಿ ಎಂದು ಎಲ್ಲರೂ ಸೇರಿ ಪಂಚಾಯಿತಿಯವರನ್ನು ಕೇಳೋಣ. ಬೆಂಚು, ಫ್ಯಾನು, ದೀಪದ ಖರ್ಚು ನಮ್ಮ ಬ್ಯಾಚಿನವರದು. ಗೆಳೆಯರ ಜೊತೆ ಮಾತಾಡಿಯೇ ಇಲ್ಲಿಗೆ ಬಂದಿದ್ದೇನೆ.