ಒಂದು ಶಬ್ದ ಬಿಡಿಸಿ ನೋಡೋಣ: ಫೋಟೋಸಿಂಥೆಸಿಸ್

(ಅಕ್ಕಲಕೋಟದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರ, ಅಕ್ಕಲಕೋಟ ಭಾಗದ ಕನ್ನಡ ಶಾಲೆಗಳಲ್ಲಿ ಪಾಲಕರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: "ಹತ್ತನೇತ್ತೆತನಕ ಕನ್ನಡದಾಗ ಕಲಿತ ಹುಡುಗ ಮುಂದ ಸಾಯನ್ಸಿಗೆ ಹೋದರ, ಆ ಇಂಗ್ಲಿಷ್ ಶಬ್ದ ಹ್ಯಾಂಗ ತಿಳೀತಾವ್ರೀ?" ಈ ಅಂಜಿಕೆ ಸಹಜವಾದದ್ದು. ಅದಕ್ಕಾಗಿ ಇಂದು ಒಂದು ಶಬ್ದವನ್ನು ಬಿಡಿಸಿ ತೋರಿಸುತ್ತೇನೆ.

"ಫೋಟೋಸಿಂಥೆಸಿಸ್." ಕೇಳಿದೊಡನೆ ನಾಲಿಗೆ ತೊಡರುತ್ತದೆ. ಇದು ಗ್ರೀಕ್ ತುಣುಕುಗಳನ್ನು ಜೋಡಿಸಿ ಮಾಡಿದ ಸಮಾಸ. ಎಲೆಯ ಈ ಕೆಲಸಕ್ಕೆ ತಕ್ಕ ಹೆಸರು ಬೇಕೆಂದು ಅಮೆರಿಕದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಬಾರ್ನ್ಸ್ 1893ರಲ್ಲಿ ವಾದಿಸಿದರು. ಅವರಿಗೆ ಹಿಡಿಸಿದ್ದು "ಫೋಟೋಸಿಂಟ್ಯಾಕ್ಸ್". ಬಳಕೆಯಲ್ಲಿ ಉಳಿದದ್ದು ಫೋಟೋಸಿಂಥೆಸಿಸ್.

"ಫೋಟೋ" ಎಂದರೆ ಬೆಳಕು. ನಮ್ಮ ಮನೆಯ ಗೋಡೆಯ ಫೋಟೋ ಕೂಡ ಬೆಳಕು ಬರೆದ ಚಿತ್ರವೇ. "ಸಿನ್" ಎಂದರೆ ಒಟ್ಟಿಗೆ, "ಥೆಸಿಸ್" ಎಂದರೆ ಇಡುವುದು. ಈಗ ಕನ್ನಡದ "ದ್ಯುತಿಸಂಶ್ಲೇಷಣೆ" ನೋಡಿರಿ: ದ್ಯುತಿ ಅಂದರೆ ಬೆಳಕು, ಸಂ ಅಂದರೆ ಒಟ್ಟಿಗೆ, ಶ್ಲೇಷಣೆ ಅಂದರೆ ಕೂಡಿಸುವುದು. ಮರಾಠಿಯ "ಪ್ರಕಾಶಸಂಶ್ಲೇಷಣ"ವೂ ಅದೇ ಅಚ್ಚಿನದು. ನಮ್ಮ ಹೊಲದ ಜೋಳದ ಎಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಬಿಸಿಲಿನ ಬಲದಿಂದ ಕೂಡಿಸಿ ಸಕ್ಕರೆ ಮಾಡುತ್ತದೆ, ಆಮ್ಲಜನಕ ಹೊರಬಿಡುತ್ತದೆ. ಇಷ್ಟನ್ನು ಕನ್ನಡದಲ್ಲಿ ತಿಳಿದ ಮಗುವಿಗೆ ಹನ್ನೊಂದನೆಯ ತರಗತಿಯಲ್ಲಿ ಹೊಸದಾಗುವುದು ಹೆಸರೊಂದೇ.

"ಕ್ಲೋರೋಫಿಲ್" ಎಂಬುದೂ ಹಾಗೆಯೇ. ಕ್ಲೋರೋ ಅಂದರೆ ಹಸಿರು, ಫಿಲ್ ಅಂದರೆ ಎಲೆ, ನಮ್ಮ ಪತ್ರಹರಿತ್ತು. ಹಳದಿ ಮಿಶ್ರಿತ ಹಸಿರು ಬಣ್ಣದ ಕ್ಲೋರೀನ್ ಅನಿಲದ ಹೆಸರೂ ಅದೇ ಬೇರಿನದು. ಇಂಗ್ಲಿಷ್ ಶಾಲೆಯ ಮಗುವಿಗೂ ಗ್ರೀಕ್ ಬರುವುದಿಲ್ಲ. ಅದೂ ಬಾಯಿಪಾಠ ಮಾಡಿಯೇ ಕಲಿಯುತ್ತದೆ.

ಆದರೆ ಇದು ತಾನಾಗಿ ಆಗುವ ಕೆಲಸವಲ್ಲ. ಎಂಟನೆಯ ತರಗತಿಯಿಂದಲೇ ಮಗುವಿಗೆ ಒಂದು ವಹಿ ಕೊಡಿಸಿರಿ. ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಸಾಲು ಹಾಕಿಸಿ, ದಿನಕ್ಕೆ ಎರಡು ಶಬ್ದ ಬರೆಸಿರಿ. ತುಣುಕಿನ ಅರ್ಥವನ್ನು ಗುರುಗಳಲ್ಲಿ ಕೇಳಲು ಹೇಳಿರಿ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಸೌಲಭ್ಯವನ್ನು ಕೇಳಿ ಪಡೆಯೋಣ. ಆದರೆ ಶಾಲೆಯಲ್ಲಿ ಮಕ್ಕಳೇ ಇಲ್ಲದಿದ್ದರೆ ವಿಧಿ ಯಾರನ್ನು ಕಾಯಬೇಕು? ನಾಲ್ಕು ಇಂಗ್ಲಿಷ್ ಶಬ್ದಗಳಿಗೆ ಅಂಜಿ ಮಗುವನ್ನು ಕನ್ನಡ ಶಾಲೆ ಬಿಡಿಸಬೇಡಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.